ರಿಫ್ಲೋ ಬೆಸುಗೆಯ ದೋಷಗಳು ಮತ್ತು ಅವುಗಳ ಪತ್ತೆ

ಸರ್ಕಿಟ್ ಬೋರ್ಡಿನ ತಾಮ್ರದ ಪ್ಯಾಡ್‌ಗಳ ಮೇಲೆ ಬೆಸುಗೆ ಪೇಸ್ಟನ್ನು ಅಚ್ಚೊತ್ತಿ, ಬಿಡಿಭಾಗಗಳನ್ನು ಕೂರಿಸಿ, ಇಡೀ ಬೋರ್ಡನ್ನು ಓವನ್ನಿನಲ್ಲಿ ಹಾಯಿಸಿ ಪೇಸ್ಟನ್ನು ಕರಗಿಸುವ ವಿಧಾನವೇ ರಿಫ್ಲೋ ಬೆಸುಗೆ. ಬೆಂಗಳೂರಿನ ಐಟಿಐ (ಸ್ಥಾಪನೆ 1948) ಮತ್ತು ಬಿಇಎಲ್ (1954), ಮೈಸೂರಿನ ಕೇನ್ಸ್ ಟೆಕ್ನಾಲಜಿ (1988) ಮುಂತಾದ ಸಂಸ್ಥೆಗಳಿಂದಾಗಿ ಬೋರ್ಡ್ ಜೋಡಣೆ ಕರ್ನಾಟಕದ ಪ್ರಮುಖ ಉದ್ಯಮಗಳಲ್ಲೊಂದಾಗಿ ಬೆಳೆದಿದೆ. ದೋಷ ಕಣ್ಣಿಗೆ ಬೀಳುವುದು ಬೋರ್ಡು ಓವನ್ನಿನಿಂದ ಹೊರಬಂದ ಮೇಲೆ. ಹಾಗಾಗಿ ಮೊದಲ ಅನುಮಾನ ಓವನ್ನಿನ ಮೇಲೆಯೇ ಹೋಗುತ್ತದೆ. ಆದರೆ ಬಹಳಷ್ಟು ದೋಷಗಳ ಬೇರು ಅದಕ್ಕೂ ಹಿಂದೆ, ಅಚ್ಚಿನಲ್ಲೋ ದಾಸ್ತಾನಿನಲ್ಲೋ ಬೋರ್ಡಿನ ವಿನ್ಯಾಸದಲ್ಲೋ ಇರುತ್ತದೆ.

ತವರ ಶೇ. 63, ಸೀಸ ಶೇ. 37 ಇರುವ ಹಳೆಯ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತಿತ್ತು. ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದ ಸೀಸಕ್ಕೆ ಮಿತಿ ಹಾಕಿದ ಮೇಲೆ ತವರ, ಬೆಳ್ಳಿ, ತಾಮ್ರಗಳ ಮಿಶ್ರಲೋಹ ಬಳಕೆಗೆ ಬಂತು. ಅದು ಕರಗತೊಡಗುವುದು 217 ಡಿಗ್ರಿಗೆ. ಗರಿಷ್ಠ ತಾಪವನ್ನು 235ರಿಂದ 250 ಡಿಗ್ರಿಯೊಳಗೆ ಹಿಡಿದಿಡಬೇಕು. ಇನ್ನೂ ಏರಿದರೆ ಬಿಡಿಭಾಗಗಳು ಕೆಡುತ್ತವೆ. ಸೀಸದ ಕಾಲದಲ್ಲಿದ್ದ ಸಡಿಲು ಈಗಿಲ್ಲ. ಓವನ್ನಿನ ಪರದೆ ತೋರಿಸುವುದು ಗಾಳಿಯ ತಾಪವನ್ನು, ಬೋರ್ಡಿನದನ್ನಲ್ಲ. ಆದ್ದರಿಂದ ತಾಮ್ರ ದಟ್ಟವಾಗಿರುವ ಕಡೆ ಒಂದು, ಅತಿ ಹಗುರ ಬಿಡಿಭಾಗದ ಬಳಿ ಒಂದು ಥರ್ಮೋಕಪಲ್ ಅಂಟಿಸಿ ಅಳೆಯದೆ ಓವನ್ನಿನ ತಾಪದ ಪ್ರೊಫೈಲ್ ಬದಲಿಸುವುದು ಕುರುಡು ಕೆಲಸ.

ಚಿಕ್ಕ ರೆಸಿಸ್ಟರು, ಕೆಪಾಸಿಟರುಗಳು ಒಂದು ತುದಿಯ ಮೇಲೆ ಎದ್ದು ನಿಲ್ಲುವ ದೋಷಕ್ಕೆ ಟೂಂಬ್‌ಸ್ಟೋನಿಂಗ್ ಎನ್ನುತ್ತಾರೆ. ಒಂದು ಬದಿಯ ಪೇಸ್ಟ್ ಮೊದಲು ಕರಗಿದರೆ ಅದರ ಮೇಲ್ಮೈ ಎಳೆತ ಬಿಡಿಭಾಗವನ್ನು ತನ್ನತ್ತ ಸೆಳೆದು ಎಬ್ಬಿಸುತ್ತದೆ. ಒಂದು ಪ್ಯಾಡ್ ಮಾತ್ರ ವಿಶಾಲ ತಾಮ್ರಕ್ಕೆ ನೇರವಾಗಿ ಸೇರಿದ್ದರೆ ಅದು ತಡವಾಗಿ ಕಾಯುತ್ತದೆ. ಕರಗುವ ಬಿಂದುವಿಗೆ ಮುನ್ನ ತಾಪವನ್ನು ನಿಧಾನವಾಗಿ ಏರಿಸಿದರೆ ತೊಂದರೆ ತಗ್ಗುತ್ತದೆ. ಪೂರ್ತಿ ಹೋಗಬೇಕಾದರೆ ವಿನ್ಯಾಸವನ್ನೇ ತಿದ್ದಬೇಕು.

ಬಿಡಿಭಾಗಗಳ ಸುತ್ತ ಬೆಸುಗೆಯ ಸಣ್ಣ ಗುಂಡುಗಳು ಚದುರಿದ್ದರೆ ಪೇಸ್ಟಿನ ಡಬ್ಬಿಯನ್ನು ವಿಚಾರಿಸಬೇಕು. ಫ್ರಿಜ್ಜಿನಿಂದ ತೆಗೆದ ಡಬ್ಬಿಯನ್ನು ಕೋಣೆಯ ತಾಪಕ್ಕೆ ಬರುವ ಮೊದಲೇ ತೆರೆದರೆ ತಣ್ಣನೆಯ ಪೇಸ್ಟಿನ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ; ಓವನ್ನಿನಲ್ಲಿ ಆ ನೀರು ಸಿಡಿಯುತ್ತದೆ. ಚಿಪ್ಪಿನ ಪಕ್ಕಪಕ್ಕದ ಕಾಲುಗಳು ಕೂಡಿಕೊಂಡರೆ ಪೇಸ್ಟ್ ಅಚ್ಚೊತ್ತುವ ಸ್ಟೆನ್ಸಿಲ್ ಬೋರ್ಡಿಗೆ ಸರಿಯಾಗಿ ಅಂಟಿ ಕೂತಿತ್ತೇ, ಅದರ ತಳ ಒರೆಸಿತ್ತೇ ಎಂದು ಮೊದಲು ನೋಡಬೇಕು.

ಮಂಕಾಗಿ ಕಂಡ ಬೆಸುಗೆಯನ್ನೆಲ್ಲ ಕೆಟ್ಟದ್ದೆಂದು ತಳ್ಳಿಹಾಕುವುದು ಸೀಸದ ಕಾಲದಿಂದ ಉಳಿದ ಅಭ್ಯಾಸ. ಸೀಸರಹಿತ ಬೆಸುಗೆ ಸಹಜವಾಗಿಯೇ ಮಂಕು, ಒರಟು. ಅದು ಪ್ಯಾಡಿನ ಮೇಲೆ ತೆಳುವಾಗಿ ಹರಡಿಕೊಂಡಿದೆಯೇ ಎಂಬುದನ್ನು ನೋಡಿ ತೀರ್ಮಾನಿಸಬೇಕು. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಬಿಜಿಎ, ಅಂದರೆ ಕಾಲುಗಳ ಬದಲು ತಳದಲ್ಲಿ ಬೆಸುಗೆ ಗುಂಡುಗಳಿರುವ ಚಿಪ್ಪಿನ ಅಡಿಯಲ್ಲಿ ಅಡಗಿರುವ ದೋಷ. ಕಾವಿಗೆ ಚಿಪ್ ಬಾಗಿದಾಗ ಅದರ ಬೆಸುಗೆ ಗುಂಡು ಪೇಸ್ಟಿನಿಂದ ಮೇಲೇಳುತ್ತದೆ. ಮತ್ತೆ ಇಳಿಯುವಷ್ಟರಲ್ಲಿ ಆಕ್ಸೈಡ್ ಪದರ ಕಟ್ಟಿಕೊಂಡಿರುತ್ತದೆ. ಎರಡೂ ಒಂದನ್ನೊಂದು ಮುಟ್ಟುತ್ತವೆ, ಬೆರೆಯುವುದಿಲ್ಲ. ಇಂಥ ಬೋರ್ಡು ಕಾರ್ಖಾನೆಯ ಪರೀಕ್ಷೆಯಲ್ಲಿ ಪಾಸಾಗಿ, ಬಳಸುವವರ ಕೈಯಲ್ಲಿ ಸೋಲಬಹುದು. ಮೇಲಿನಿಂದ ತೆಗೆದ ಎಕ್ಸ್‌ರೇಯಲ್ಲೂ ಇದು ಸುಲಭವಾಗಿ ಸಿಗುವುದಿಲ್ಲ.

ತೇವದ ಸಮಸ್ಯೆ ಕರಾವಳಿಯಲ್ಲಿ ದೊಡ್ಡದು. ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯ ಸುಂಕಸಾಳದಿಂದ ಕಾರವಾರದವರೆಗಿನ ಸೀಮೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಚಿಪ್ಪುಗಳ ಪ್ಲಾಸ್ಟಿಕ್ ಕವಚ ಗಾಳಿಯ ತೇವ ಹೀರುತ್ತದೆ. ಓವನ್ನಿನಲ್ಲಿ ಅದು ಆವಿಯಾಗಿ ಕವಚವನ್ನು ಒಳಗಿನಿಂದ ಸೀಳುತ್ತದೆ. ತೇವಸೂಕ್ಷ್ಮತೆಯ ಮೂರನೇ ಹಂತದ ಚಿಪ್ಪಿಗೆ ಪೊಟ್ಟಣ ಒಡೆದ ಮೇಲೆ 168 ಗಂಟೆಗಳ ಅವಕಾಶವಿದೆ. ಆದರೆ ಆ ಲೆಕ್ಕ 30 ಡಿಗ್ರಿ, ಶೇ. 60 ಆರ್ದ್ರತೆ ಮೀರದ ಕೋಣೆಗೆ ಮಾತ್ರ. ಆಷಾಢದ ಕರಾವಳಿಯಲ್ಲಿ, ತೇವ ತೆಗೆಯುವ ವ್ಯವಸ್ಥೆಯಿಲ್ಲದ ಕೋಣೆಯಲ್ಲಿ ಅದನ್ನು ನಂಬುವಂತಿಲ್ಲ. ಬಿಸಿಗಾಳಿಯಿಂದ ಚಿಪ್ ಬದಲಿಸುವ ದುರಸ್ತಿ ಅಂಗಡಿಗಳಿಗೂ ಇದು ಅನ್ವಯಿಸುತ್ತದೆ. ತೇವ ಹೀರಿದ ಚಿಪ್ಪುಗಳು ತಾಪ ತಡೆಯುವ ಟ್ರೇಗಳಲ್ಲಿದ್ದರೆ ಅವನ್ನು 125 ಡಿಗ್ರಿಯಲ್ಲಿ ಒಣಗಿಸಬಹುದು. ರೀಲಿನ ಪ್ಲಾಸ್ಟಿಕ್ ಪಟ್ಟಿ ಆ ಕಾವಿಗೆ ಸೊಟ್ಟಗಾಗುವುದರಿಂದ, ರೀಲಿನಲ್ಲಿರುವವನ್ನು 40 ಡಿಗ್ರಿಯ ಒಣಗಾಳಿಯಲ್ಲಿ ದಿನಗಟ್ಟಲೆ ಇಡಬೇಕಾಗುತ್ತದೆ.