ಶಿಶಿರೋದ್ಯಾನದ ಕೆಂಪು ಹಣ್ಣುಗಳು

ನಮ್ಮ ಸೀಮೆಯಲ್ಲಿ ಶಿಶಿರವೆಂದರೆ ಎಲೆಯುದುರಿದರೂ ಬಿಸಿಲಿಗೆ ಕೊರತೆಯಿಲ್ಲದ ಕಾಲ. ಮುತ್ತುಗವೂ ಬೂರುಗವೂ ಆಗಲೇ ಹೂವೇರುವುವು. ಆಂಗ್ಲದೇಶದ ಚಳಿಗಾಲವಾದರೋ ಹಾಗಲ್ಲ. ಓಕ್, ಬೀಚ್ ಮೊದಲಾದ ಮರಗಳು ಬರಿದಾಗಿ ನಿಲ್ಲುವುವು, ಹಗಲು ಸುಮಾರು 8 ಗಂಟೆಗೆ ಕುಗ್ಗುವುದು, ಹೂವು ಅಪರೂಪವಾಗುವುದು. ಅಂತಹ ಮಂಕು ಬೆಳಕಿನಲ್ಲಿ ಕಣ್ಣಿಗೆ ಆಸರೆಯಾಗತಕ್ಕವು ಪೊದೆಗಳ ಮೇಲೆ ಉಳಿದ ಹಣ್ಣುಗಳೇ. ಇವನ್ನು ಆರಿಸಿ ನೆಡುವ ಕಲೆಗೆ ದೀರ್ಘವಾದ ಚರಿತ್ರೆಯುಂಟು. ಅದರಲ್ಲಿ ನಮ್ಮ ದೇಶಕ್ಕೂ ಒಂದು ಪಾಲುಂಟು.

ಈ ವರ್ಗದಲ್ಲಿ ಆ ನಾಡಿನ ಸ್ವಂತ ಸಸ್ಯವೆನಿಸಿದ್ದು ಹಾಲಿ. ಮುಳ್ಳಂಚಿನ ಹೊಳೆಯುವ ಎಲೆಗಳು, ಅವುಗಳ ನಡುವೆ ಗೊಂಚಲಾದ ಕೆಂಪು ಹಣ್ಣುಗಳು. ಕ್ರಿಸ್ಮಸ್ ಹಬ್ಬದಲ್ಲಿ ಇದರ ಕೊಂಬೆಗಳಿಂದ ಮನೆಯನ್ನು ಅಲಂಕರಿಸುವ ವಾಡಿಕೆ ಹಳೆಯದು. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹಣ್ಣು ಬಿಡುವುದು ಹೆಣ್ಣು ಮಾತ್ರ. ಅದಕ್ಕೂ ಸಾಮಾನ್ಯವಾಗಿ ಸಮೀಪದಲ್ಲೊಂದು ಗಂಡು ಗಿಡವಿರಬೇಕು. ಇದನ್ನರಿಯದೆ ಹೆಸರನ್ನು ನಂಬಿ ಕೊಂಡವರು ಮೋಸಹೋಗುವರು. 'ಗೋಲ್ಡನ್ ಕಿಂಗ್', ಅಂದರೆ ಹೊನ್ನಿನ ಅರಸನೆಂಬ ತಳಿಯು ಹೆಣ್ಣು. 'ಗೋಲ್ಡನ್ ಕ್ವೀನ್' ಎಂಬ ಅರಸಿಯು ಗಂಡು! ನಾಮವನ್ನು ಬಿಟ್ಟು ಗುಣವನ್ನು ನೋಡಬೇಕೆಂಬುದಕ್ಕೆ ಇದಕ್ಕಿಂತ ಸೊಗಸಾದ ದೃಷ್ಟಾಂತ ದುರ್ಲಭ.

17ನೆಯ ಶತಮಾನದಲ್ಲಿ ದಕ್ಷಿಣ ಯೂರೋಪಿನಿಂದ ಪೈರಕಾಂತವು ಬಂದಿತು. ಗ್ರೀಕ್ ಭಾಷೆಯ ಬೆಂಕಿ, ಮುಳ್ಳು ಎಂಬ ಎರಡು ಶಬ್ದಗಳು ಕೂಡಿ ಆದ ಹೆಸರಿದು. ಗೋಡೆಗೆ ಒರಗಿಸಿ ಬೆಳೆಸಿದಾಗ ಇದರ ಕೆಂಡದಂತಹ ಹಣ್ಣುಗಳು ಆ ಹೆಸರನ್ನು ಸಾರ್ಥಕಗೊಳಿಸುವುವು.

19ನೆಯ ಶತಮಾನವು ಸಸ್ಯಾನ್ವೇಷಕರ ಯುಗವಾಯಿತು. ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರಿಯಾಗಿದ್ದ ಡೇನಿಷ್ ವೈದ್ಯ ನಥಾನಿಯಲ್ ವಾಲಿಚ್ಚನು 1820ರಲ್ಲಿ ನೇಪಾಳಕ್ಕೆ ಹೋಗಿ ಸಸ್ಯಸಂಗ್ರಹ ಮಾಡಿದನು. ಹಿಮಾಲಯದ ಕೊಟೋನಿಯಾಸ್ಟರ್ ಜಾತಿಗಳು ಆ ಶತಮಾನದಲ್ಲಿಯೇ ಆಂಗ್ಲರ ತೋಟಗಳನ್ನು ಸೇರಿದುವು. ಚಾರ್ಲ್ಸ್ ಡಾರ್ವಿನ್ನನು 1835ರಲ್ಲಿ ಚಿಲಿಯ ಚಿಲೊಯೆ ದ್ವೀಪದಲ್ಲಿ ಕಂಡ ಬರ್ಬೆರಿಸ್ ಪೊದೆಯು ಅವನ ಹೆಸರನ್ನೇ ಪಡೆಯಿತು. ಅದರ ಹಣ್ಣು ನೀಲಿಗಪ್ಪು. ಫ್ರೆಂಚ್ ಪಾದ್ರಿ ಅರ್ಮಾಂ ದವೀದನು ಚೀನಾದಿಂದ ಕಳುಹಿದ ಕೊಟೋನಿಯಾಸ್ಟರ್ ಒಂದರ ರೆಂಬೆಗಳು ಮೀನಿನ ಮುಳ್ಳಿನಂತೆ ಅಡ್ಡಲಾಗಿ ಹರಡುವುವು. 1899ರಲ್ಲಿ ವೀಚ್ ಸಸ್ಯಾಲಯವು ಚೀನಾಕ್ಕೆ ಕಳುಹಿಸಿದ ಅರ್ನೆಸ್ಟ್ ವಿಲ್ಸನ್ನನು ಅಲ್ಲಿಂದ ತಂದ ಹವಳವರ್ಣದ ಹಣ್ಣಿನ ಬರ್ಬೆರಿಸ್‌ಗೆ ಅವನ ಪತ್ನಿಯ ಗೌರವಾರ್ಥವಾಗಿ ನಾಮಕರಣವಾಯಿತು. 1910ರಲ್ಲಿ ಸಿಚುವಾನ್ ಪ್ರಾಂತದಲ್ಲಿ ಬಂಡೆಗಳು ಜರಿದು ಕಾಲು ಮುರಿದುಕೊಂಡ ಆತನು ಬಾಳಿನುದ್ದಕ್ಕೂ ಕುಂಟುವಂತಾಯಿತು. ಉದ್ಯಾನದ ಸೊಬಗಿಗೆ ಇಂತಹ ಬೆಲೆಯನ್ನೂ ತೆತ್ತವರುಂಟು.

ಆದರೆ ಬೆಲೆಯ ಲೆಕ್ಕವು ಅಲ್ಲಿಗೇ ಮುಗಿಯಲಿಲ್ಲ. ಹಣ್ಣು ಕೆಂಪಾಗುವುದು ತೋಟದ ಯಜಮಾನನಿಗಾಗಿ ಅಲ್ಲ, ಹಕ್ಕಿಗಾಗಿ. ಚಳಿಗಾಲದಲ್ಲಿ ಸ್ಕಾಂಡಿನೇವಿಯದಿಂದ ಹಾರಿಬರುವ ಫೀಲ್ಡ್‌ಫೇರ್, ರೆಡ್‌ವಿಂಗ್ ಎಂಬ ಪಕ್ಷಿಗಳಿಗೆ ಇದೇ ಆಹಾರ. ಅವು ತಿಂದ ಹಣ್ಣಿನ ಬೀಜವು ಗೋಡೆಯಾಚೆ ಎಲ್ಲಿಯೋ ಬಿದ್ದು ಮೊಳೆಯುವುದು. ಹೀಗೆ ತೋಟದಿಂದ ಹೊರಬಿದ್ದ ಕೊಟೋನಿಯಾಸ್ಟರ್ ಸುಣ್ಣಗಲ್ಲಿನ ನೆಲದ ಹುಲ್ಲುಗಾವಲುಗಳನ್ನು ಕವಿದು, ಅಲ್ಲಿನ ಸಣ್ಣ ಮೂಲಿಕೆಗಳನ್ನು ಅಡಗಿಸತೊಡಗಿತು. ಆದುದರಿಂದ 2010ರಲ್ಲಿ ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಇದರ ಐದು ಬಗೆಗಳನ್ನು ಕಾನೂನಿನ ಪಟ್ಟಿಗೆ ಸೇರಿಸಲಾಯಿತು. ತೋಟದಲ್ಲಿ ಬೆಳೆಸಲು ಅಡ್ಡಿಯಿಲ್ಲ. ಬಯಲಿನಲ್ಲಿ ನೆಡುವುದು ಅಪರಾಧ. ಹಕ್ಕಿಯಾದರೋ ಕಾನೂನನ್ನು ಓದುವುದಿಲ್ಲ!

ಇದು ಪರದೇಶದ ಕಥೆಯೆಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ಅಮೆರಿಕದ ಉಷ್ಣಪ್ರದೇಶದ ಲಂಟಾನವನ್ನು 19ನೆಯ ಶತಮಾನದ ಮೊದಲ ದಶಕದಲ್ಲಿ ಬಣ್ಣಬಣ್ಣದ ಹೂವಿಗೆ ಮೆಚ್ಚಿ ಕಲ್ಕತ್ತೆಯ ಅದೇ ಉದ್ಯಾನಕ್ಕೆ ತಂದರು. ಅದರ ಕಪ್ಪು ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ದೂರದೂರಕ್ಕೆ ಒಯ್ದುವು. ಈಗ ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನಲ್ಲಿ ಅದು ಹಬ್ಬಿ, ಹುಲ್ಲಿಗೆ ಎಡೆಗೊಡದೆ, ಜಿಂಕೆ ಕಾಡೆಮ್ಮೆಗಳ ಮೇವನ್ನು ಕಸಿದುಕೊಂಡಿದೆ. ಮಲೆಮಹದೇಶ್ವರ ಬೆಟ್ಟದ ಗಿರಿಜನರು ಅದರ ಕಡ್ಡಿಗಳಿಂದ ಕುರ್ಚಿ, ಮೇಜುಗಳನ್ನು ಹೆಣೆದು ಕೊಂಚ ಜೀವನೋಪಾಯ ಕಂಡುಕೊಂಡಿರುವರು. ಅದರಿಂದ ಕಾಡಿನ ನಷ್ಟ ತುಂಬುವಂತಿಲ್ಲ.

ಹಾಗೆಂದು ಸೌಂದರ್ಯವನ್ನೇ ತೊರೆಯಬೇಕೆಂದಲ್ಲ. ಆಂಗ್ಲದೇಶದಲ್ಲಿ ಹಾಲಿಯ ಜೊತೆಗೆ, ಪಾರದರ್ಶಕವಾದ ಕೆಂಪು ಹಣ್ಣಿನ ಗೆಲ್ಡರ್ ರೋಸ್, ಗುಲಾಬಿ ಸಿಪ್ಪೆಯೊಳಗೆ ಕಿತ್ತಳೆ ಬೀಜ ತೋರುವ ಸ್ಪಿಂಡಲ್ ಮೊದಲಾದ ದೇಶೀಯ ಪೊದೆಗಳೇ ಇರುವುವು. ಅವುಗಳ ಬೀಜವನ್ನು ಹಕ್ಕಿ ಎಲ್ಲಿ ಬಿತ್ತಿದರೂ ಅದು ಅವುಗಳ ತವರುನೆಲವೇ. ಗಿಡವನ್ನು ಆರಿಸುವವನು ಅದರ ಬಣ್ಣವನ್ನು ಕೇಳುವಂತೆಯೇ, ಹಣ್ಣನ್ನು ಯಾರು ತಿನ್ನುವರು, ಬೀಜವು ಎಲ್ಲಿ ಬೀಳುವುದು ಎಂಬುದನ್ನೂ ಕೇಳುವುದು ಧರ್ಮ. ತೋಟದ ಬೇಲಿಯು ಯಜಮಾನನ ಹಕ್ಕಿಗೆ ಮೇರೆಯಾಗಬಹುದು. ಅವನ ಹೊಣೆಗೆ ಮೇರೆಯಾಗಲಾರದು.