ದಫ್ತರದ ಬರವಣಿಗೆ: ಕಾರವಾರ–ಅಂಕೋಲಾ ಸೀಮೆ

ಲೆಕ್ಕ, ಕರಾರು, ಅರ್ಜಿ, ನೋಟಿಸು, ವರದಿ – ಓದಿದವರು ಓದಿ ಸುಮ್ಮನಿರದೆ ಏನಾದರೊಂದು ಮಾಡಲೇಬೇಕಾದ ಬರಹಕ್ಕೆ ದಫ್ತರದ ಬರವಣಿಗೆ ಎನ್ನಬಹುದು. ಉತ್ತರ ಕನ್ನಡದ ಕಾರವಾರ, ಅಂಕೋಲಾ ತಾಲೂಕುಗಳಲ್ಲಿ ಇದರ ಇತಿಹಾಸ ಬಹುಮಟ್ಟಿಗೆ ಭೂಮಿಯ ಕಾಗದಗಳ ಇತಿಹಾಸವೇ. ಇಲ್ಲಿ ಮನೆಯಲ್ಲಿ ಕೊಂಕಣಿಯನ್ನೋ ಹಾಲಕ್ಕಿಗಳ ಕನ್ನಡವನ್ನೋ ಆಡುವವರಿಗೆ ಕಚೇರಿಯಲ್ಲಿ ಎದುರಾಗುವುದು ಬೇರೆಯೇ ಕನ್ನಡ. ಕಾಗದದ ಮಾತು ತಿಳಿಯದಿದ್ದರೆ ಗದ್ದೆ ಹೋಗುತ್ತಿತ್ತು.

ಇಂದು ಸರ್ಕಾರಿ ಕಚೇರಿಯಲ್ಲಿ ಫೈಲಿಗೆ ಹೇಳುವ ‘ಕಡತ’ ಮೊದಲು ಒಂದು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಆ ಕರಿಯ ಹಾಳೆಯ ಮೇಲೆ ಬಳಪದಿಂದ ಬರೆಯುವುದು. ತಪ್ಪಾದರೆ ಒರೆಸಿ ಮತ್ತೆ ಬರೆಯುವುದು. ವ್ಯಾಪಾರಿಗಳ ಲೆಕ್ಕ, ಶಾನುಭೋಗರ ಜಮಾಖರ್ಚು, ಮಠಗಳ ದಾಖಲೆ ಎಲ್ಲಕ್ಕೂ ಇದೇ ಸಾಧನ. ಒರೆಸಲು ಬರುವ ವಸ್ತುವಿನ ಮೇಲೆ ನಂಬಿಕೆಯ ಲೆಕ್ಕ ಉಳಿದುಬಂದದ್ದು ಸೋಜಿಗವೇ.

ಕಡಲ ಕಡೆಯಿಂದ ಬಂದ ಪರಂಪರೆ ಇನ್ನೊಂದು. 1638ರಲ್ಲಿ ಇಂಗ್ಲಿಷರ ಕೋರ್ಟೀನ್ ಕಂಪನಿ ಕಾರವಾರದಲ್ಲಿ ಕೋಠಿ ತೆರೆಯಿತು. ಮುಂದೆ ಅದು ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಮೆಣಸು, ಬಟ್ಟೆಯ ವ್ಯವಹಾರದ ಪತ್ರಗಳು ಇಲ್ಲಿಂದ ಸೂರತ್ತಿಗೆ ಹೋಗುತ್ತಿದ್ದವು. ಅವು ಇಂಗ್ಲಿಷಿನವು, ಊರಿನ ಬರವಣಿಗೆಯನ್ನು ಅವು ಮುಟ್ಟಲಿಲ್ಲ.

1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಸೀಮೆ ಕಂಪನಿ ಸರ್ಕಾರಕ್ಕೆ ಸೇರಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಹಳೆಯ ಲೆಕ್ಕಗಳನ್ನು ಹರವಿಕೊಂಡು, ವಿಜಯನಗರದ ಕಾಲದಿಂದ ಕಂದಾಯ ಹೇಗೆ ಏರಿತೆಂದು 1800ರಲ್ಲಿ ವರದಿ ಬರೆದ. ಹೇಳಬೇಕಾದ್ದನ್ನು ನೇರವಾಗಿ ಹೇಳುವ ಆ ವರದಿ ಆಡಳಿತ ಗದ್ಯಕ್ಕೆ ಒಳ್ಳೆಯ ಮಾದರಿ. 1862ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. ಕಾರವಾರ ಜಿಲ್ಲಾಸ್ಥಳವಾಯಿತು. ಮಾಮಲೇದಾರ, ಕಾರಕೂನರಂಥ ಮುಂಬಯಿ ಮಾತುಗಳು ದಫ್ತರವನ್ನು ಹೊಕ್ಕವು. 1883ರಲ್ಲಿ ಮುಂಬಯಿ ಗೆಜೆಟಿಯರಿನ 15ನೇ ಸಂಪುಟ ಎರಡು ಭಾಗಗಳಲ್ಲಿ ಜಿಲ್ಲೆಯನ್ನು ವಿವರಿಸಿತು. ಜಿಲ್ಲೆಯ ಬಗ್ಗೆ ಬರೆಯುವವರು ಈಗಲೂ ಮೊದಲು ಅದನ್ನೇ ತೆರೆಯುತ್ತಾರೆ.

ಈ ಕರಾವಳಿಯಲ್ಲಿ ಒಂದು ಪದದ ಬೆಲೆ ಎಷ್ಟೆಂದು ತಿಳಿಯಬೇಕಾದರೆ ಗೇಣಿಪತ್ರ ನೋಡಬೇಕು. ‘ಮೂಲಗೇಣಿ’ ಎಂದು ಬರೆದಿದ್ದರೆ ಗೇಣಿ ಖಾಯಂ. ಒಕ್ಕಲು ತಲೆತಲಾಂತರಕ್ಕೂ ಅದೇ ಗದ್ದೆಯಲ್ಲಿ ಇರಬಹುದು. ‘ಚಾಲಗೇಣಿ’ ಎಂದಿದ್ದರೆ ಒಡೆಯನ ಮರ್ಜಿ. ಒಂದೇ ಅಕ್ಷರ ಬೇರೆ, ಬದುಕೇ ಬೇರೆ. ಪತ್ರ ಬರೆಯುವವನು, ಬರೆಸುವವನು ಓದುಬಲ್ಲವರು. ಹೆಬ್ಬೆಟ್ಟು ಒತ್ತುವವನಿಗೆ ಓದು ಬಾರದು. ಹಾಗೆ ನೋಡಿದರೆ ಆ ಪತ್ರಗಳ ರಚನೆಯಲ್ಲಿ ಕೊರತೆ ಇರಲಿಲ್ಲ: ನಾಲ್ಕು ದಿಕ್ಕಿನ ಚಕ್ಕುಬಂದಿ, ಅಂಕಿಯಲ್ಲೂ ಅಕ್ಷರದಲ್ಲೂ ಮೊತ್ತ, ಸಾಕ್ಷಿಗಳ ರುಜು. ಯಾರಿಗೆ ಸ್ಪಷ್ಟ ಎಂಬುದೇ ತೊಡಕು.

ಆ ತೊಡಕಿಗೆ ಕೈಹಾಕಿದವರು ಅಂಕೋಲೆಯ ದಿನಕರ ದೇಸಾಯಿ (1909–1982). ನಾಡು ಅವರನ್ನು ಚುಟುಕು ಬ್ರಹ್ಮ ಎಂದು ಬಲ್ಲದು. ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಸದಸ್ಯರಾಗಿ ಅವರು ಪ್ರಾಥಮಿಕ ಶಿಕ್ಷಣ, ಹಡಗು ಕಾರ್ಮಿಕರು ಇಂಥ ಒಣ ವಿಷಯಗಳ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಗೇಣಿದಾರರನ್ನು ಸಂಘಟಿಸಿ ಹೋರಾಡಿದರು, ಅದಕ್ಕಾಗಿ ಜಿಲ್ಲೆಯಿಂದ ಗಡೀಪಾರಾದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಲ್ಲಿ ಶಾಲೆ ತೆರೆದರು. ‘ಜನಸೇವಕ’ ವಾರಪತ್ರಿಕೆ ನಡೆಸಿದರು. ನಾಲ್ಕು ಸಾಲಿನಲ್ಲಿ ಮಾತು ಮುಗಿಸುವ ಕೈ ವರದಿಗೂ ಒದಗುತ್ತದೆ ಎಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಡ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿಯನ್ನೇ ಅಳಿಸಿತು. ಒಕ್ಕಲು ‘ಡಿಕ್ಲರೇಶನ್’ ಹಾಕಬೇಕಿತ್ತು, ಅಂದರೆ ಫಾರ್ಮ್ ನಂಬರ್ 7. ಕೊನೆಯ ಗಡುವು 1979ರ ಜೂನ್ 30. ಭೂನ್ಯಾಯಮಂಡಳಿ ಒಪ್ಪಿದರೆ ಕೈಗೆ ಫಾರ್ಮ್ ನಂಬರ್ 10. ಸರ್ವೆ ನಂಬರು, ಹಿಸ್ಸೆ, ಕ್ಷೇತ್ರ ಸರಿಯಾಗಿ ತುಂಬಿದ ಒಂದು ಅರ್ಜಿಯಿಂದ ಒಕ್ಕಲು ಒಡೆಯನಾದ. ಉತ್ತರ ಕನ್ನಡದಲ್ಲಿ ಇದಕ್ಕಿಂತ ಪರಿಣಾಮಕಾರಿಯಾದ ಕಾಗದ ಹುಟ್ಟಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ.

ಇದಕ್ಕೂ ಮೊದಲೇ, 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1963ರ ರಾಜಭಾಷಾ ಅಧಿನಿಯಮ ಕನ್ನಡವನ್ನು ಆಡಳಿತ ಭಾಷೆಯಾಗಿಸಿತು. ಭಾಷೆ ಕನ್ನಡವಾಯಿತು, ಧಾಟಿ ಆಗಲಿಲ್ಲ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿದಾರರು ಸಲ್ಲಿಸಿರುವ ಮನವಿಯನ್ನು ಪರಿಶೀಲಿಸಲಾಗಿ, ಅಗತ್ಯ ದಾಖಲೆಗಳನ್ನು ಲಗತ್ತಿಸದೇ ಇರುವುದು ಕಂಡುಬಂದಿರುತ್ತದೆ’ ಎಂಬ ಜಾತಿಯ ವಾಕ್ಯ ಯಾವ ಕಚೇರಿಯಲ್ಲೂ ಸಿಗುತ್ತದೆ. ‘ನಿಮ್ಮ ಅರ್ಜಿಯ ಜೊತೆ ಪಹಣಿ ಇಲ್ಲ, 15 ದಿನದೊಳಗೆ ತಂದುಕೊಡಿ’ ಎಂದರೆ ಮುಗಿಯಿತು. ಮೊದಲನೆಯದರಲ್ಲಿ ಮಾಡಿದವರು ಯಾರೂ ಇಲ್ಲ, ಮಾಡಬೇಕಾದವರೂ ಇಲ್ಲ. ತಹಶೀಲ್ದಾರ್ ಕಚೇರಿಯ ಎದುರು ಅರ್ಜಿ ಬರೆದುಕೊಡುವವರ ಅನ್ನಕ್ಕೆ ಇಂಥ ವಾಕ್ಯಗಳೇ ಆಧಾರ.

ಜಮೀನಿನ ದಾಖಲೆಯಾದ ಪಹಣಿ ಮಾತ್ರ ವಾಕ್ಯವಿಲ್ಲದೆ ಕಾಲಮ್ಮುಗಳಲ್ಲೇ ಮಾತಾಡುತ್ತದೆ: 9ರಲ್ಲಿ ಮಾಲೀಕ, 11ರಲ್ಲಿ ಸಾಲ-ಋಣ, 12ರಲ್ಲಿ ಸಾಗುವಳಿದಾರ. ಕೈಬರಹದ ಪಹಣಿಯನ್ನು ಓದಲು ಶಾನುಭೋಗರೇ ಬೇಕಿತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆರಂಭದಲ್ಲಿ ಪ್ರತಿಯೊಂದಕ್ಕೆ 15 ರೂಪಾಯಿ.

ಜಮೀನು ಹೋದ ಮೇಲೂ ಕಾಗದದ ಕೆಲಸ ಮುಗಿಯುವುದಿಲ್ಲ. 1986ರಲ್ಲಿ ಅರ್ಗಾದಲ್ಲಿ ನೌಕಾನೆಲೆಗೆ ಅಡಿಗಲ್ಲು ಬಿದ್ದ ಸೀಬರ್ಡ್ ಯೋಜನೆ ಕಾರವಾರ, ಅಂಕೋಲಾ ತಾಲೂಕುಗಳ ಅನೇಕ ಕುಟುಂಬಗಳನ್ನು ಒಕ್ಕಲೆಬ್ಬಿಸಿತು. ಅವರ ಬಾಯಲ್ಲಿ ‘28ಎ’ ಮನೆಮಾತು. ಅದು 1894ರ ಭೂಸ್ವಾಧೀನ ಕಾಯ್ದೆಯ ಒಂದು ಕಲಮು: ಅದೇ ಅಧಿಸೂಚನೆಯಲ್ಲಿ ಜಮೀನು ಕಳೆದುಕೊಂಡ ಇನ್ನೊಬ್ಬರಿಗೆ ಕೋರ್ಟು ಹೆಚ್ಚು ಪರಿಹಾರ ಕೊಟ್ಟರೆ, ಕೋರ್ಟಿಗೆ ಹೋಗದವರೂ ಆ ದರ ಕೇಳಬಹುದಿತ್ತು. ಆದರೆ ಬರವಣಿಗೆಯಲ್ಲೇ ಕೇಳಬೇಕಿತ್ತು, ತೀರ್ಪಿನ ದಿನದಿಂದ ಮೂರು ತಿಂಗಳೊಳಗೆ. 2014ರ ಜನವರಿ 1ರಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯಲ್ಲಿ ಇದೇ ಅವಕಾಶ 73ನೇ ಕಲಮಿನಲ್ಲಿದೆ; ಗಡುವು ಅದೇ ಮೂರು ತಿಂಗಳು.