ಕಾರಿನ ಅಡಿಯ ಕರ್ಣರೇಖೆ

ಆಯತದ ಎರಡೂ ಕರ್ಣಗಳು ಸಮ ಎಂದು ಪ್ರೌಢಶಾಲೆಯಲ್ಲಿ ಕಲಿತದ್ದು ನಿಮಗೆ ನೆನಪಿರಬಹುದು. ಕಾರಿನ ತಳವನ್ನು ಪರೀಕ್ಷಿಸುವ ಹಳೆಯ ಕ್ರಮಕ್ಕೂ ಇಂಥ ಲೆಕ್ಕವೇ ಆಧಾರ.

ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಕಾಲದ ಜೀಪು, ಲಾರಿಗಳಿಗೆ ಏಣಿಯಂಥ ಉಕ್ಕಿನ ಚಾಸಿಯಿತ್ತು. ಭಾರವನ್ನು ಹೊರುತ್ತಿದ್ದುದು ಅದೇ. ಇಟಲಿಯ ಲ್ಯಾನ್ಸಿಯಾ ಕಂಪನಿ 1922ರಲ್ಲಿಯೇ ಪ್ರತ್ಯೇಕ ಚಾಸಿಯನ್ನು ಕೈಬಿಟ್ಟು, ಕಾರಿನ ಮೈಯೇ ಭಾರ ಹೊರುವಂತೆ ರಚಿಸಿತ್ತು. 1983ರಲ್ಲಿ ಬಂದ ಮಾರುತಿ 800 ಇದೇ ಬಗೆಯದು. ಇಂಥ ಕಾರಿನ ತಳ ಮಡಚಿದರೆ ಇಡೀ ಕಾರಿನ ಬಲ ಕುಗ್ಗುತ್ತದೆ. ಹೊಸ ಬಣ್ಣ ಅದನ್ನು ಮರೆಮಾಚುತ್ತದೆ.

ಪರೀಕ್ಷೆ ಸರಳ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ತಳದ ಮುಂದೆ ಹಿಂದೆ, ಎಡಬಲಗಳ ಸರಿಜೋಡಿ ಬಿಂದುಗಳಿಂದ ತೂಗುಗುಂಡು ಇಳಿಬಿಟ್ಟು ಸೀಮೆಸುಣ್ಣದ ಗುರುತು ಹಾಕಬೇಕು. ಕಾರು ಸರಿಸಿ ಕರ್ಣಗಳನ್ನು ಅಳೆದಾಗ ವ್ಯತ್ಯಾಸ ಕಂಡರೆ ಚೌಕಟ್ಟು ಸೊಟ್ಟಗಾಗಿದೆಯೆಂದೇ ಶಂಕಿಸಬೇಕು. ಮಗ್ಗದ ಚೌಕಟ್ಟನ್ನು ಬಲ್ಲ ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನು ವಿವರಿಸಬೇಕಾಗಿಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆಯರು ಉಕ್ಕಿ ಜಮಖಂಡಿ, ಮುಧೋಳ ತಾಲೂಕುಗಳ ಊರುಗಳಿಗೆ ನುಗ್ಗಿದ್ದವು. ನೀರಿನಲ್ಲಿ ನಿಂತ ಕಾರಿಗೆ ತುಕ್ಕು ಒಳಗಿನಿಂದ ಹಿಡಿಯುತ್ತದೆ. ಆದ್ದರಿಂದ ಹಳೆಯ ಕಾರು ಕೊಳ್ಳುವ ಮುನ್ನ ಬಾಗಿಲು ತೆರೆದು ನೋಡಿದಷ್ಟೇ ಶ್ರದ್ಧೆಯಿಂದ ಅಡಿಗೂ ಬಗ್ಗಿ ನೋಡಿರಿ. ಮಡಿಕೆ, ಹೊಸ ಬೆಸುಗೆ, ತುಕ್ಕನ್ನು ಹುಡುಕಿರಿ. ಅದರಲ್ಲಿ ಕೂರುವವರು ನಿಮ್ಮ ಮಕ್ಕಳು.